ಬಾರ್ಸಿಲೋನಾದಲ್ಲಿ ಬಿಸಿಲು ನೋಡಿಕೊಂಡು ಒಂದು ದಿನ

ಕೇಳುಗರಿಗೆ ನಮಸ್ಕಾರ. ಸ್ಪೇನಿನ ಬಾರ್ಸಿಲೋನಾಕ್ಕೆ ಹೊರಟವರ ಕೈಯಲ್ಲಿ ಮಾರುದ್ದದ ಪಟ್ಟಿ ಇರುತ್ತದೆ. ಇರುವುದು ಒಂದೇ ದಿನವಾದರೆ ಮೂರು ಕಟ್ಟಡ ಉಳಿಸಿಕೊಂಡು ಮಿಕ್ಕದ್ದನ್ನು ಹೊಡೆದುಹಾಕಿ. ಮೂರೂ ವಾಸ್ತುಶಿಲ್ಪಿ ಆಂಟೊನಿ ಗೌದಿಯವು. ಹೆಸರು ಕೇಳಿದರೆ ನಮ್ಮ ಗೌಡರ ಪೈಕಿಯವನೇನೋ ಅನ್ನಿಸಬೇಕು! ಕಲ್ಲು, ಇಟ್ಟಿಗೆಯ ಜೊತೆಗೆ ಬಿಸಿಲನ್ನೂ ಲೆಕ್ಕ ಹಾಕಿ ಬಳಸಿದವನು ಈತ. ಹಾಗಾಗಿ ಯಾವುದನ್ನು ಎಷ್ಟು ಹೊತ್ತಿಗೆ ನೋಡುತ್ತೀರಿ ಅನ್ನುವುದೇ ಮುಖ್ಯ.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಪಸ್ಸೆಚ್ ದೆ ಗ್ರಾಸಿಯಾ ರಸ್ತೆಯ 43ನೇ ನಂಬರು, ಕಾಸಾ ಬಟ್ಲೊ. ಹಳೆಯ ಮನೆಯೊಂದನ್ನು ಗೌದಿ 1904ರಿಂದ 1906ರೊಳಗೆ ಮಾರ್ಪಡಿಸಿದ್ದು. ಬೆಳಗಿನ ಬಿಸಿಲಿಗೆ ಮುಂಗೋಡೆಯ ಗಾಜಿನ ಚೂರುಗಳು ಮಿನುಗುತ್ತವೆ. ಒಳಗೆ ಹೋದವರೆಲ್ಲ ಡ್ರ್ಯಾಗನ್ ಬೆನ್ನಿನಂಥ ಮಾಡು ನೋಡಲು ಮೇಲಕ್ಕೆ ಓಡುತ್ತಾರೆ. ನೀವು ಮನೆಯ ನಡುವಿನ ಗಾಳಿಬೆಳಕಿನ ತೊಟ್ಟಿಯ ಹತ್ತಿರ ನಿಲ್ಲಿ. ಗೋಡೆಯ ಟೈಲ್ಸ್ ಮೇಲ್ಗಡೆ ಕಡುನೀಲಿ. ಇಳಿಯುತ್ತ ಇಳಿಯುತ್ತ ತಿಳಿಯಾಗಿ, ಕೆಳಗೆ ಹೆಚ್ಚುಕಡಿಮೆ ಬಿಳಿ. ಕಿಟಕಿಗಳೂ ಅಷ್ಟೆ, ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಸೂರಿನ ಹತ್ತಿರ ಬೆಳಕು ಜಾಸ್ತಿ, ತಳದಲ್ಲಿ ಕಡಿಮೆ. ಎಲ್ಲ ಅಂತಸ್ತಿಗೂ ಸಮ ಬೆಳಕು ಸಿಗಲೆಂದು ಈ ಉಪಾಯ.

ಅಲ್ಲಿಂದ ಅದೇ ರಸ್ತೆಯಲ್ಲಿ ಮೇಲಕ್ಕೆ ಹತ್ತು ನಿಮಿಷ ನಡೆದರೆ ಕಾಸಾ ಮಿಲಾ. ನಡೆಯುವಾಗ ಕಾಲಡಿ ನೋಡಿ. ಫುಟ್‌ಪಾತಿಗೆ ಹಾಸಿರುವ ಆರುಮೂಲೆ ಟೈಲ್ಸ್ ಕೂಡ ಗೌದಿಯ ವಿನ್ಯಾಸವೇ. ಸಮುದ್ರದ ಜೀವಿಗಳ ಚಿತ್ರ ಒಂದರಲ್ಲಿ ಪೂರ್ತಿಯಾಗುವುದಿಲ್ಲ, ಏಳು ಸೇರಬೇಕು. ಕಾಸಾ ಮಿಲಾ 1906ರಿಂದ 1912ರವರೆಗೆ ಕಟ್ಟಿದ್ದು. ಊರವರು ಲೇವಡಿ ಮಾಡಿ ಇಟ್ಟ ಹೆಸರು 'ಲಾ ಪೆದ್ರೇರಾ', ಅಂದರೆ ಕಲ್ಲುಕ್ವಾರಿ. ಮುಂಗೋಡೆಯ ಮೇಲೆ ಮಹಡಿಗಳ ಭಾರವಿಲ್ಲ, ಅದನ್ನು ಒಳಗಿನ ಕಂಬ-ತೊಲೆಗಳು ಹೊರುತ್ತವೆ. ಕಲ್ಲು ಅಲೆಯಂತೆ ಬಳುಕಲು ಸಾಧ್ಯವಾದದ್ದು ಅದರಿಂದ. ಅಟ್ಟದಲ್ಲಿ 270 ಇಟ್ಟಿಗೆ ಕಮಾನುಗಳಿವೆ, ಅವಸರ ಮಾಡಬೇಡಿ. ತಾರಸಿ ಮಾತ್ರ ಹತ್ತುಮೆಟ್ಟಿಲು ಇಳಿಮೆಟ್ಟಿಲು, ಮಂಡಿನೋವಿನವರಿಗೆ ಹೇಳಿದ್ದಲ್ಲ.

ಊಟ ಒಂದೂವರೆಯ ಮೇಲೆ. ಸಸ್ಯಾಹಾರಿಗಳಿಗೆ ಟೊಮೆಟೊ ಉಜ್ಜಿ ಆಲಿವ್ ಎಣ್ಣೆ ಸುರಿದ ಬ್ರೆಡ್ಡು, ಸುಟ್ಟ ಬದನೆ-ದಪ್ಪಮೆಣಸಿನ 'ಎಸ್ಕಲಿವಾದಾ' ಸಿಗುತ್ತವೆ. ಎಸ್ಕಲಿವಾದಾ ಮೇಲೆ ಎಷ್ಟೋ ಕಡೆ ಪುಟ್ಟ ಉಪ್ಪುಮೀನು ಇಟ್ಟು ತರುತ್ತಾರೆ, ಮೊದಲೇ ಬೇಡವೆನ್ನಿ.

ಆಮೇಲೆ ದಿಯಾಗೊನಾಲ್ ನಿಲ್ದಾಣದಿಂದ ಮೆಟ್ರೊ 5ನೇ ಲೈನು, ಎರಡನೇ ಸ್ಟಾಪು: ಸಗ್ರಾದಾ ಫಮಿಲಿಯಾ. ರೈಲಿನಲ್ಲಿ ಬ್ಯಾಗು ಎದೆಯ ಮುಂದಿರಲಿ, ಜೇಬುಗಳ್ಳರ ಊರದು. 1882ರಲ್ಲಿ ಶುರುವಾದ ಈ ಇಗರ್ಜಿಯನ್ನು ಮರುವರ್ಷ ಕೈಗೆತ್ತಿಕೊಂಡ ಗೌದಿ, 1926ರಲ್ಲಿ ಟ್ರಾಮ್ ಬಡಿದು ತೀರಿಕೊಳ್ಳುವವರೆಗೂ ಬಿಡಲಿಲ್ಲ. ಟಿಕೆಟ್ಟಿನಲ್ಲಿ ಗಂಟೆ ನಮೂದಾಗಿರುತ್ತದೆ. ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ, ಬಾಗಿಲಲ್ಲಿ ಸಿಕ್ಕೀತು ಎಂದು ಹೋಗಬೇಡಿ. ಬೇಸಿಗೆಯಲ್ಲಿ ಸಂಜೆ ಐದರ ಮೇಲೆ, ಚಳಿಗಾಲದಲ್ಲಿ ಮೂರೂವರೆಯ ಸುಮಾರಿಗೆ ಒಳಗಿರಬೇಕು. ಪೂರ್ವದ ಗಾಜು ನೀಲಿ-ಹಸಿರು, ಬೆಳಗಿನದು. ಪಶ್ಚಿಮದ್ದು ಕೆಂಪು-ಕಿತ್ತಳೆ, ಇಳಿಬಿಸಿಲಿಗೆ ಎದುರಿನ ಕಂಬಗಳೆಲ್ಲ ಕೆಂಡದಂತೆ ಕಾಣುತ್ತವೆ. ಒಂದು ಕಂಬ ಆರಿಸಿಕೊಂಡು ಬುಡದಿಂದ ನೋಡುತ್ತ ಹೋಗಿ. ಕೆಳಗೆ ನಕ್ಷತ್ರದಂತೆ ಮೂಲೆಮೂಲೆಯಾಗಿದ್ದದ್ದು ಏರುತ್ತ ದುಂಡಗಾಗಿ, ಮರದಂತೆ ಕೊಂಬೆಯೊಡೆಯುತ್ತದೆ. ಹೆಚ್ಚು ಭಾರ ಹೊರುವ ನಡುವಿನ ನಾಲ್ಕಕ್ಕೆ ಬೇರೆಯದೇ ಗಟ್ಟಿ ಕೆಂಗಲ್ಲು, ಪೋರ್ಫಿರಿ.

ಗೋಪುರದ ಟಿಕೆಟ್ಟು ಬೇರೆ. ಲಿಫ್ಟು ಹತ್ತುವುದಕ್ಕಷ್ಟೇ, ಇಳಿಯುವುದು ಇಕ್ಕಟ್ಟಿನ ಸುರುಳಿ ಮೆಟ್ಟಿಲಲ್ಲಿ. ಮಳೆ, ಜೋರುಗಾಳಿ ಇದ್ದರೆ ಬಿಡುವುದಿಲ್ಲ. ಸಂಜೆ ಹೋಗುವವರು ಅದನ್ನು ಕೊಳ್ಳದಿದ್ದರೇ ವಾಸಿ. ಸರದಿ ನಿಂತು, ಹತ್ತಿ, ಇಳಿದು ಬರುವಷ್ಟರಲ್ಲಿ ಕೆಳಗಿನ ಕೆಂಪು ಆರಿಹೋಗಿರುತ್ತದೆ.