ಎಷ್ಟು ಪಾಯಿಂಟ್ ಅಂತ ಕೇಳಬೇಡಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟ ಸಮಯದಲ್ಲಿ ಹಿಂದಿನ ಭಾಷಣಕಾರರು ಸ್ವಲ್ಪ ಸಾಲ ತೆಗೆದುಕೊಂಡಿದ್ದಾರೆ. ಇರಲಿ, ನಾನೂ ಮುಂದಿನವರ ಹತ್ತಿರ ತೆಗೆದುಕೊಳ್ಳುತ್ತೇನೆ.

ಈಗ ವಿರಾಮದಲ್ಲಿ ಒಂದು ಮಾತು ಕಿವಿಗೆ ಬಿತ್ತು. "ನನ್ನ ಕ್ಯಾಮೆರಾದಲ್ಲಿ 61 ಫೋಕಸ್ ಪಾಯಿಂಟ್ ಇದೆ, ನಿಮ್ಮದರಲ್ಲಿ ಎಷ್ಟು?" ಪಾಯಿಂಟ್ ಅಂದರೆ ಚಿತ್ರದ ಚೌಕಟ್ಟಿನಲ್ಲಿ ಕ್ಯಾಮೆರಾ ತಾನೇ ಫೋಕಸ್ ಹಿಡಿಯಬಲ್ಲ ಜಾಗ. ಇವತ್ತಿನ ನನ್ನ ಜಗಳವೆಲ್ಲ ಈ ಪ್ರಶ್ನೆಯ ಜೊತೆಗೇ. ಎಷ್ಟು ಪಾಯಿಂಟ್ ಇದ್ದರೆ ಏನು? ನೀವು ಹಾಕಿರುವ ಲೆನ್ಸಿಗೆ ಅವುಗಳಲ್ಲಿ ಎಷ್ಟು ಕೆಲಸ ಮಾಡುತ್ತವೆ, ಅದನ್ನು ಹೇಳಿ.

ಕನ್ನಡಿ ಇರುವ ಕ್ಯಾಮೆರಾದಿಂದ ಶುರು ಮಾಡೋಣ. ದೊಡ್ಡ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದನ್ನು ದಾಟಿದ ಬೆಳಕನ್ನು ಹಿಂದಿರುವ ಪುಟ್ಟ ಕನ್ನಡಿ ಕೆಳಕ್ಕೆ ತಳ್ಳುತ್ತದೆ. ಫೋಕಸ್ ಸೆನ್ಸರ್ ಕೂತಿರುವುದು ಅಲ್ಲಿ, ತಳದಲ್ಲಿ.

ಈಗ ಎಲ್ಲರೂ ಹೆಬ್ಬೆರಳನ್ನು ಮುಂದೆ ಹಿಡಿಯಿರಿ. ಎಡಗಣ್ಣು ಮುಚ್ಚಿ. ಆಮೇಲೆ ಬಲಗಣ್ಣು. ಬೆರಳು ಅತ್ತಿತ್ತ ಹಾರಿತು, ಅಲ್ವಾ? ಹಿಂದಿನ ಸಾಲಿನವರು ಕೈಯೇ ಎತ್ತಿಲ್ಲ, ನನಗೆ ಕಾಣುತ್ತದೆ! ಒಂದೊಂದು ಪಾಯಿಂಟಿಗೂ ಹೀಗೆ ಎರಡು ಕಣ್ಣು. ಒಂದು ಲೆನ್ಸಿನ ಎಡಭಾಗದಿಂದ ಬಂದ ಬೆಳಕನ್ನು ನೋಡುತ್ತದೆ, ಇನ್ನೊಂದು ಬಲಭಾಗದ್ದನ್ನು. ಎರಡೂ ಚಿತ್ರಗಳ ನಡುವಿನ ಅಂತರ ಅಳೆದರೆ ಫೋಕಸ್ ಮುಂದಿದೆಯೋ ಹಿಂದಿದೆಯೋ, ಎಷ್ಟು ತಪ್ಪಿದೆ, ಎಲ್ಲ ಗೊತ್ತಾಗುತ್ತದೆ. ಲೆನ್ಸ್ ಒಂದೇ ಓಟದಲ್ಲಿ ಸರಿಯಾದ ಜಾಗಕ್ಕೆ ಹೋಗುವುದು ಅದಕ್ಕೇ.

ಕಣ್ಣುಗಳು ದೂರ ದೂರ ಇದ್ದಷ್ಟೂ ಬೆರಳು ಜಾಸ್ತಿ ಹಾರುತ್ತದೆ. ಅಪರ್ಚರ್, ಅಂದರೆ ಲೆನ್ಸಿನ ಬಾಯಿಯ ಅಗಲ, ಬರುವುದು ಇಲ್ಲೇ. ಅದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಎಫ್ 5.6ರ ಪಾಯಿಂಟು ತನ್ನ ಎರಡು ಕಣ್ಣುಗಳನ್ನು ಎಫ್ 5.6ರ ವೃತ್ತದೊಳಗೆ ಇಟ್ಟುಕೊಂಡಿರುತ್ತದೆ. ಎಫ್ 2.8ರ ಪಾಯಿಂಟಿನ ಕಣ್ಣುಗಳು ಸುಮಾರು ಎರಡರಷ್ಟು ದೂರ. ಅಷ್ಟೇ ಮಸುಕಿಗೆ ಇದಕ್ಕೆ ಎರಡರಷ್ಟು ಅಂತರ ಕಾಣುತ್ತದೆ, ಹಾಗಾಗಿ ಲೆಕ್ಕ ಇನ್ನೂ ಕರಾರುವಾಕ್ಕು. ಆದರೆ ಲೆನ್ಸಿನ ಬಾಯಿ ಅಷ್ಟು ಅಗಲ ಇರಬೇಕಲ್ಲ! ಎಫ್ 4 ಲೆನ್ಸ್ ಹಾಕಿದರೆ ಎಫ್ 2.8ರ ಕಣ್ಣುಗಳಿಗೆ ಕತ್ತಲೆ. ಎಫ್ 8 ಆದರೆ ಎಫ್ 5.6ರ ಕಣ್ಣುಗಳಿಗೂ ಬೆಳಕು ಸರಿಯಾಗಿ ಸಿಗುವುದಿಲ್ಲ. ಉಲ್ಟಾ ನೋಡಿ: ಎಫ್ 5.6ರ ಪಾಯಿಂಟಿನ ಮುಂದೆ ಎಫ್ 1.4 ಲೆನ್ಸ್ ಹಾಕಿದರೂ ಅದರ ಕಣ್ಣುಗಳು ಇದ್ದಲ್ಲೇ ಇರುತ್ತವೆ, ಒಂದಿಷ್ಟೂ ಅಗಲವಾಗುವುದಿಲ್ಲ.

"ನಾನು ಎಫ್ 11ಕ್ಕೆ ಇಟ್ಟುಕೊಂಡರೆ ಫೋಕಸ್ ಆಗಲ್ವಾ ಸಾರ್?" ಅಂತ ಒಬ್ಬರು ಪ್ರತಿ ಸಲ ಕೇಳುತ್ತಾರೆ. ಆಗುತ್ತದೆ. ಕನ್ನಡಿ ಕ್ಯಾಮೆರಾ ಫೋಕಸ್ ಮಾಡುವಾಗ ಲೆನ್ಸನ್ನು ಪೂರ್ತಿ ತೆರೆದೇ ಇಟ್ಟಿರುತ್ತದೆ. ಕ್ಲಿಕ್ ಆಗುವ ಗಳಿಗೆಯಲ್ಲಿ ಮಾತ್ರ ಒಳಗಿನ ಬ್ಲೇಡುಗಳು ಲೆನ್ಸಿನ ಬಾಯಿಯನ್ನು ಕಿರಿದು ಮಾಡುತ್ತವೆ. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆಯೇ ಲೆಕ್ಕ.

ಸರಿ, ಆ 61ಕ್ಕೆ ಬರೋಣ. ಕ್ಯಾನನ್ 5ಡಿ ಮಾರ್ಕ್ 3ರಲ್ಲಿ 61 ಪಾಯಿಂಟ್, ನಿಜ. ಅದರಲ್ಲಿ ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವ ಕ್ರಾಸ್ ಪಾಯಿಂಟ್ 41. ಆ 41ರಲ್ಲಿ ಎಫ್ 5.6 ಲೆನ್ಸಿಗೂ ಕ್ರಾಸ್ ಆಗಿ ಉಳಿಯುವುದು ನಡುವಿನ 21. ಉಳಿದವಕ್ಕೆ ಎಫ್ 4 ಬೇಕು. ಎಫ್ 2.8ರಲ್ಲಿ ಇನ್ನೂ ಸೂಕ್ಷ್ಮವಾಗುವುದು ನಡುಸಾಲಿನ ಐದೇ ಐದು. ಕೆಲವು ಲೆನ್ಸುಗಳಿಗಂತೂ 47, ಇಲ್ಲ 33 ಪಾಯಿಂಟ್ ಮಾತ್ರ ಸಿಗುತ್ತವೆ. ಕೈಪಿಡಿಯಲ್ಲಿ ಲೆನ್ಸುಗಳನ್ನು ಗುಂಪು ಗುಂಪು ಮಾಡಿ ಇದನ್ನೆಲ್ಲ ಹಾಕಿದ್ದಾರೆ. ಆ ಪುಟ ಓದಿದವರು ಕೈ ಎತ್ತಿ... ಹೂಂ, ಗೊತ್ತಿತ್ತು.

ನನ್ನ ಗೆಳೆಯನೊಬ್ಬನ ಕಥೆ ಹೇಳಲೇಬೇಕು. ಹಕ್ಕಿ ಹುಚ್ಚಿನವನು. ಅವನ ಹತ್ತಿರ 400 ಮಿಲಿಮೀಟರ್ ಎಫ್ 5.6 ಲೆನ್ಸ್. ಅದಕ್ಕೆ 1.4ರ ಟೆಲಿಕನ್ವರ್ಟರ್, ಅಂದರೆ ದೂರದ್ದನ್ನು ಇನ್ನೂ ದೊಡ್ಡದಾಗಿ ತೋರಿಸುವ ನಡುವಿನ ತುಂಡು ಲೆನ್ಸ್, ಸೇರಿಸಿದ. ಫೋಕಸ್ ಸತ್ತೇ ಹೋಯಿತು. ಬ್ಯಾಟರಿ ಬದಲಿಸಿದ. ಲೆನ್ಸಿನ ಪಿನ್ನುಗಳನ್ನು ಉಜ್ಜಿದ. ರಿಪೇರಿಗೆ ಕೊಟ್ಟ, "ಏನೂ ದೋಷವಿಲ್ಲ" ಅಂತ ವಾಪಸ್ ಬಂತು. ಮತ್ತೆ ಕೊಟ್ಟ. ಆ ಕನ್ವರ್ಟರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ತಿನ್ನುತ್ತದೆ, 5.6 ಆಗ ಎಫ್ 8 ಆಗುತ್ತದೆ, ಅವನ ಕ್ಯಾಮೆರಾ 5.6ಕ್ಕೇ ನಿಲ್ಲುತ್ತದೆ. ಇದನ್ನು ಹೇಳಿದರೆ ಕೇಳಬೇಕಲ್ಲ! "ಎಷ್ಟೊಂದು ಪಾಯಿಂಟ್ ಇದೆ ಮಾರಾಯ, ಒಂದಾದರೂ ಕೆಲಸ ಮಾಡಬೇಕಲ್ವಾ?" ಅಂತ ನನಗೇ ದಬಾಯಿಸಿದ.

ಕೊನೆಗೆ ಯಾರೋ ಹಳಬರು ಉಪಾಯ ಹೇಳಿಕೊಟ್ಟರು. ಕನ್ವರ್ಟರಿನ ಮೂರು ಪಿನ್ನುಗಳ ಮೇಲೆ ಟೇಪ್ ಅಂಟಿಸಿದ. ಅಲ್ಲೊಂದು ಕನ್ವರ್ಟರ್ ಇದೆ ಅನ್ನುವುದೇ ಕ್ಯಾಮೆರಾಕ್ಕೆ ಗೊತ್ತಾಗಲಿಲ್ಲ. ಬಿಸಿಲಿನಲ್ಲಿ ನಡುವಿನ ಪಾಯಿಂಟು ಫೋಕಸ್ ಹಿಡಿಯಿತು! ಸಂಜೆಯಾದರೆ ಮಾತ್ರ ಲೆನ್ಸ್ ಆ ತುದಿಯಿಂದ ಈ ತುದಿಗೆ ಅಲೆದಾಟ. ಅವನಿಗೆ ಅದೇ ದೊಡ್ಡ ವಿಜಯ.

ಟೇಪಿನ ಕಥೆಯನ್ನು ನಗಿಸುವುದಕ್ಕಷ್ಟೇ ಹೇಳಲಿಲ್ಲ. ಮಿತಿ ಅನ್ನುವುದು ಅರ್ಧ ಭೌತಶಾಸ್ತ್ರ, ಅರ್ಧ ಕಂಪನಿಯ ಎಚ್ಚರಿಕೆ. ಕ್ಯಾನನ್ 1ಡಿ ಎಕ್ಸ್ 2012ರಲ್ಲಿ ಬಂದಾಗ ಎಫ್ 8ರಲ್ಲಿ ಫೋಕಸ್ ಮಾಡುತ್ತಿರಲಿಲ್ಲ. ಅದೇ ವರ್ಷ ಕ್ಯಾಮೆರಾದೊಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್ ಬದಲಿಸಿ ನಡುವಿನ ಪಾಯಿಂಟಿಗೆ ಅವಕಾಶ ಕೊಟ್ಟರು. 2013ರಲ್ಲಿ 5ಡಿ ಮಾರ್ಕ್ 3ಕ್ಕೂ ಹಾಗೇ ಮಾಡಿದರು. ಒಳಗಿನ ಸೆನ್ಸರ್ ಅದೇ, ಕನ್ನಡಿ ಅದೇ. ಪಾಯಿಂಟಿನ ಸಂಖ್ಯೆಯೂ ಅದೇ 61, ನೆನಪಿರಲಿ.

ಚೀಟಿ ಬಂತು. ಐದು ನಿಮಿಷವಂತೆ. ಮಿರರ್‌ಲೆಸ್ ಬಗ್ಗೆ, ಅಂದರೆ ಕನ್ನಡಿಯೇ ಇಲ್ಲದ ಕ್ಯಾಮೆರಾಗಳ ಬಗ್ಗೆ, ಓಡಿಸಿಬಿಡುತ್ತೇನೆ. ಅಲ್ಲಿ ಬೇರೆ ಫೋಕಸ್ ಸೆನ್ಸರ್ ಇಲ್ಲ, ಚಿತ್ರ ತೆಗೆಯುವ ಸೆನ್ಸರಿನಲ್ಲೇ ಕಣ್ಣುಗಳಿವೆ. ಕ್ಯಾನನ್ 2013ರಲ್ಲಿ 70ಡಿಯಲ್ಲಿ ಪಿಕ್ಸೆಲನ್ನೇ ಎರಡು ಭಾಗ ಮಾಡಿತು. ಅದು ಕನ್ನಡಿ ಕ್ಯಾಮೆರಾನೇ, ಆದರೆ ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ ತೆಗೆಯುವಾಗ, ಇದೇ ವಿದ್ಯೆ. ಇಲ್ಲಿ ಎಫ್ 5.6ರ ಗೋಡೆ ಬಿತ್ತು. ಕ್ಯಾನನ್ನಿನದೇ ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ 2018ರ 'ಇಒಎಸ್ ಆರ್' ಎಫ್ 11ರವರೆಗೆ, 2020ರ 'ಆರ್ 5' ಎಫ್ 22ರವರೆಗೆ ಫೋಕಸ್ ಮಾಡುತ್ತದೆ. ಎಫ್ 11ರ 600, 800 ಮಿಲಿಮೀಟರ್ ಲೆನ್ಸುಗಳು ಬಂದಿದ್ದೂ ಆ ಧೈರ್ಯದ ಮೇಲೇ. ಆದರೆ ಆ ಲೆನ್ಸುಗಳನ್ನು ಆರ್ 5ಕ್ಕೆ ಹಾಕಿದರೆ ಅಂಚಿನ ಜಾಗದಲ್ಲಿ ಫೋಕಸ್ ಸಿಗುವುದಿಲ್ಲ, ನಡುಭಾಗ ಮಾತ್ರ. ಪೆಟ್ಟಿಗೆಯ ಮೇಲೆ ಇಲ್ಲಿ ಪಾಯಿಂಟುಗಳ ಸಾವಿರದ ಲೆಕ್ಕ ಬರೆದಿರುತ್ತಾರೆ, ನನ್ನ ಪ್ರಶ್ನೆ ಮಾತ್ರ ಹಳೆಯದೇ.

ಕ್ರಾಸ್ ಪಾಯಿಂಟಿನ ಬಗ್ಗೆ ಇನ್ನೊಂದೇ ಮಾತು. ಅನೇಕ ಮಿರರ್‌ಲೆಸ್‌ಗಳ ಕಣ್ಣುಗಳು ಒಂದೇ ದಿಕ್ಕಿನವು. ಬರೀ ಅಡ್ಡಗೆರೆಗಳಿರುವ ವಸ್ತುವಿನ ಮುಂದೆ ಅವು ತಡವರಿಸುತ್ತವೆ. ಆಗ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಫೋಕಸ್ ಹಿಡಿದು, ಮತ್ತೆ ನೇರ ಮಾಡಿಕೊಳ್ಳಿ. ಮೈಕ್ರೋ ಅಡ್ಜಸ್ಟ್‌ಮೆಂಟ್ ಬಗ್ಗೆ, ಅಂದರೆ ಫೋಕಸಿನ ಸಣ್ಣ ತಪ್ಪು ತಿದ್ದಿಕೊಳ್ಳುವುದರ ಬಗ್ಗೆ, ಹೇಳುವುದಿತ್ತು, ಇವತ್ತಿಗೆ ಬಿಟ್ಟೆ. ಅಲ್ಲಿ ಕಿಟಕಿ ಪಕ್ಕ ಕೈ ಎತ್ತಿದವರು, ಕೇಳಿ. ಯಾವ ಲೆನ್ಸ್ ನಿಮ್ಮದು?