ಕಸಿಯ ನಂತರ ಕುತ್ತಿಗೆಯಲ್ಲೊಂದು ಗಂಟು

ಕೇಳುಗರೆಲ್ಲರಿಗೂ ನಮಸ್ಕಾರ.

ಮೂತ್ರಪಿಂಡ ಕಸಿ ಮಾಡಿಸಿಕೊಂಡು ಮದ್ದೂರು, ಮಳವಳ್ಳಿ, ನಂಜನಗೂಡಿನ ಮನೆಗಳಿಗೆ ಮರಳಿರುವವರ ಜೊತೆ ಇಂದು ನನ್ನ ಮಾತು. ಡಯಾಲಿಸಿಸ್‌ನಿಂದ ಬಿಡುಗಡೆ ಪಡೆದವರ ಮುಂದೆ ಕ್ಯಾನ್ಸರಿನ ವಿಷಯ ಎತ್ತಲು ಮನಸ್ಸು ಹಿಂಜರಿಯುತ್ತದೆ. ಆದರೆ ತಿಳಿದಿದ್ದರೆ ಜೀವ ಉಳಿಯುತ್ತದೆ.

1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಬಾರಿಗೆ ಮೂತ್ರಪಿಂಡ ಕಸಿ ಯಶಸ್ವಿಯಾದಾಗ ಮೂತ್ರಪಿಂಡ ಕೊಟ್ಟವನು ರೋಗಿಯ ತದ್ರೂಪಿ ಅವಳಿ ಸಹೋದರ. ಹಾಗಾಗಿ ದೇಹ ಅದನ್ನು ಪರಕೀಯವೆಂದು ತಿರಸ್ಕರಿಸಲಿಲ್ಲ. ಉಳಿದವರಿಗೆ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್‌ನಂತಹ ಮಾತ್ರೆಗಳು ಬೇಕು. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕಸಿಯನ್ನು ಕಾಯುತ್ತವೆ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ ಬಹುತೇಕ ನಮ್ಮೆಲ್ಲರ ದೇಹದಲ್ಲಿ ಬಾಲ್ಯದಿಂದಲೇ ಅಡಗಿರುತ್ತದೆ. ಕಾವಲು ಸಡಿಲವಾದಾಗ ಅದು ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳನ್ನು ಮಿತಿಮೀರಿ ಬೆಳೆಸಬಹುದು. ಹೀಗೆ ಲಿಂಫೋಮಾ ಎಂಬ ಕ್ಯಾನ್ಸರ್ ಗಡ್ಡೆ ಹುಟ್ಟುತ್ತದೆ. ಮೂತ್ರಪಿಂಡ ಕಸಿಯಾದ ನೂರು ಮಂದಿಯಲ್ಲಿ ಸುಮಾರು ಒಬ್ಬಿಬ್ಬರಿಗೆ ಬರುವ ತೊಂದರೆ ಇದು. ಮೊದಲ ವರ್ಷ ಅಪಾಯ ಹೆಚ್ಚು; ಎಷ್ಟೋ ವರ್ಷಗಳ ಮೇಲೂ ಬರಬಹುದು.

ನಮ್ಮಲ್ಲಿ ಮೂತ್ರಪಿಂಡ ಕೊಡುವವರು ಹೆಚ್ಚಾಗಿ ತಾಯಿ ಅಥವಾ ಹೆಂಡತಿ. 'ನಾನು ಕೊಟ್ಟಿದ್ದರಿಂದಲೇ ಹೀಗಾಯಿತೇ' ಎಂಬ ಕೊರಗು ಅವರನ್ನು ತಿನ್ನಬಾರದು. ತಾಯಂದಿರೇ, ಈ ಗಡ್ಡೆ ಸಾಮಾನ್ಯವಾಗಿ ರೋಗಿಯ ಸ್ವಂತ ಜೀವಕೋಶಗಳಿಂದಲೇ ಬೆಳೆಯುತ್ತದೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಲಿಂಫೋಮಾದ ಲಕ್ಷಣಗಳು ಇವು: ಬಿಡದ ಜ್ವರ, ರಾತ್ರಿ ಬೆವರು, ಇಳಿಯುವ ತೂಕ, ಕುತ್ತಿಗೆಯಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು. ಇಷ್ಟನ್ನು ಕೇಳಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಕ್ಷಯ. ಕಸಿಯಾದವರಿಗೆ ಕ್ಷಯವೂ ಬರುತ್ತದೆ, ನಿಜ. ಆದ್ದರಿಂದಲೇ ಊಹೆಯ ಮೇಲೆ ಔಷಧ ಶುರುವಾಗಬಾರದು. ಗಂಟಿನ ಬಯಾಪ್ಸಿ, ಅಂದರೆ ಅದರ ಚೂರು ತೆಗೆದು ಮಾಡುವ ಪರೀಕ್ಷೆ, ಆಗಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧ ರಕ್ತದಲ್ಲಿನ ಟ್ಯಾಕ್ರೋಲಿಮಸ್ ಮಟ್ಟವನ್ನು ಬಹಳ ಇಳಿಸುತ್ತದೆ. ಪ್ರಮಾಣ ಸರಿಪಡಿಸದಿದ್ದರೆ ಕಸಿಯೇ ಕೈತಪ್ಪಬಹುದು.

ಲಿಂಫೋಮಾ ಎಂದು ಖಚಿತವಾದರೆ ಮೊದಲ ಹೆಜ್ಜೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಕಡಿಮೆ ಮಾಡುವುದು. ಹೀಗೆ ಮಾಡಿದಾಗ ಕೆಲವರ ಗಡ್ಡೆ ಕರಗುತ್ತದೆ ಎಂಬುದನ್ನು ಅಮೆರಿಕದ ಕಸಿ ಶಸ್ತ್ರಚಿಕಿತ್ಸಕ ಥಾಮಸ್ ಸ್ಟಾರ್ಜಲ್ ಅವರ ತಂಡ 1984ರಲ್ಲೇ ವರದಿ ಮಾಡಿತ್ತು. ಸಾಲದಿದ್ದರೆ ಬಿ ಲಿಂಫೋಸೈಟ್‌ಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಎಂಬ ಔಷಧ, ಅಗತ್ಯವಿದ್ದರೆ ಕೀಮೋಥೆರಪಿ. ಆದರೆ ಇದನ್ನು ಕೇಳಿ ಇಂದು ರಾತ್ರಿಯ ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ದಯವಿಟ್ಟು. ಯಾವುದನ್ನು ಎಷ್ಟು ಇಳಿಸಬೇಕೆಂದು ನಿಮ್ಮ ಮೂತ್ರಪಿಂಡ ತಜ್ಞರು ಹೇಳಬೇಕು.

ಊರಿನ ದವಾಖಾನೆಗೆ ಜ್ವರಕ್ಕೆಂದು ಹೋದರೂ ಬಾಗಿಲಲ್ಲೇ ಹೇಳಿ: ನನಗೆ ಕಸಿಯಾಗಿದೆ, ಇವು ನನ್ನ ಮಾತ್ರೆಗಳು, ಈ ಗಂಟು ಇಂಥ ತಿಂಗಳಿನಿಂದ ಇದೆ.

ನಮಸ್ಕಾರ.