ಕಾಂಡ್ಲಾದ ಬುಡದಲ್ಲಿ ಒಂದು ಪಾಠ

ಕೇಳುಗರಿಗೆ ನಮಸ್ಕಾರ.

ಮಂಗಳೂರಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತೇನೆ. ಬಿ.ಕಾಂ. ಮಕ್ಕಳಿಗೆ ಪರಿಸರ ಅಧ್ಯಯನದ ಪಾಠವೂ ನನ್ನದೇ. ಮೊದಲ ದಿನವೇ ಮಕ್ಕಳು ಕೇಳುತ್ತಾರೆ: “ಮೇಡಂ, ಇದರಲ್ಲಿ ಪಾಸಾದರೆ ಸಾಕಲ್ಲ? ಕಲಿಯಲಿಕ್ಕೆ ಎಂಥ ಉಂಟು?”

ಪದವಿಗೆ ಬರುವ ಪ್ರತಿಯೊಬ್ಬರಿಗೂ ತಮ್ಮ ವಿಷಯದಾಚೆಯ ತಿಳಿವಳಿಕೆ ಬೇಕೆಂದು ವಿಶ್ವವಿದ್ಯಾಲಯ ಶಿಕ್ಷಣದ ಬಗ್ಗೆ 1948ರಲ್ಲಿ ನೇಮಕವಾದ ರಾಧಾಕೃಷ್ಣನ್ ಆಯೋಗವೇ ಹೇಳಿತ್ತು. ಪರಿಸರದ ಪಾಠ ಎಲ್ಲರಿಗೂ ಸಿಗಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ನಮ್ಮ ರಾಜ್ಯದಲ್ಲಿ 2021ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ಓಪನ್ ಇಲೆಕ್ಟಿವ್ ಬಂತು. ಕಾಮರ್ಸ್ ಹುಡುಗಿ ವಿಜ್ಞಾನದ ಪೇಪರ್ ಆರಿಸಿಕೊಳ್ಳಬಹುದಾಯಿತು. 2024ರಲ್ಲಿ ಪುನಃ ಮೂರು ವರ್ಷದ ಪದವಿ, ಪುನಃ ಬೇರೆ ಪಠ್ಯಕ್ರಮ.

ಪಠ್ಯಕ್ರಮ ಎಷ್ಟು ಸಲ ಬದಲಾದರೂ ಒಂದು ಮಾತ್ರ ಹಾಗೇ ಉಳಿದಿದೆ. ವಿಷಯದಾಚೆಯ ಈ ಪಾಠಗಳು ಯಾರಿಗೆ ವರ್ಕ್‌ಲೋಡ್, ಅಂದರೆ ಪಾಠದ ಗಂಟೆಗಳು, ಕಡಿಮೆಯೋ ಅವರ ಪಾಲಿಗೆ. ಒಂದು ವರ್ಷ ಸಂವಿಧಾನದ ಪಾಠ ನನಗೆ ಬಂತು. ನೋಟ್ಸ್ ಓದಿ ಬರೆಸಿದೆ, ಅಷ್ಟೆ. ಆ ಮಕ್ಕಳಿಗೆ ಅನ್ಯಾಯ ಮಾಡಿದೆನೆಂಬ ನೋವು ಇಂದಿಗೂ ಇದೆ.

ಆ ನೋವಿನಿಂದಲೇ, ಮರುವರ್ಷ ಪರಿಸರದ ಪಾಠ ಸಿಕ್ಕಾಗ, ಮಕ್ಕಳನ್ನು ಸುಲ್ತಾನ್ ಬತ್ತೇರಿಯ ಹತ್ತಿರ ಫಲ್ಗುಣಿ ನದಿಯ ದಡಕ್ಕೆ ಕರೆದುಕೊಂಡು ಹೋದೆ. ಇಳಿತದ ಹೊತ್ತು. ಕೆಸರಿನಿಂದ ಕಾಂಡ್ಲಾದ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರದ, ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ ಮೇಲೆದ್ದಿದ್ದವು. ಈ ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಅದಕ್ಕೇ ಬೇರು ಹೊರಬಂದು ಉಸಿರಾಡುತ್ತದೆ ಎಂದೆ. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗ, ಮೀನುಗಾರರ ಮನೆಯವನು, ಕೆಸರಿಗಿಳಿದು ಒಂದು ಏಡಿ ಹಿಡಿದು ತಂದ. “ಮೀನು ಮರಿಗಳು ಬೆಳೆಯುವುದೂ ಇದರ ಬುಡದಲ್ಲೇ ಮೇಡಂ, ಅಜ್ಜ ಹೇಳುತ್ತಾರೆ” ಎಂದ. ಅಜ್ಜ ಹೇಳಿದ್ದು ಸರಿಯೇ.

ಆಗ ಹಿಂದಿನಿಂದ ಒಬ್ಬಳು ಕೇಳಿದಳು: “ಕಾಂಡ್ಲಾ ಕಡಿದು ಜಾಗ ಮಾಡಿದರೆ ಆ ಜಾಗಕ್ಕೆ ರೇಟು ಉಂಟು. ಕಡಿಮೆಯಾದ ಮೀನಿನ ನಷ್ಟವನ್ನು ಯಾರ ಲೆಕ್ಕದಲ್ಲಿ ಬರೆಯುವುದು ಮೇಡಂ?”

ಸಸ್ಯಶಾಸ್ತ್ರದ ಮಕ್ಕಳು ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಲೆಕ್ಕಶಾಸ್ತ್ರ ಕಲಿತವಳಿಗೇ ಹೊಳೆಯುವ ಪ್ರಶ್ನೆ ಅದು. ಕಾಮರ್ಸ್ ವಿಭಾಗದ ಸಹೋದ್ಯೋಗಿಯನ್ನು ಕರೆದೆ. ಮುಂದಿನ ವಾರ ಇಬ್ಬರೂ ಒಟ್ಟಿಗೆ ತರಗತಿಗೆ ಹೋದೆವು. ಬೆಲ್ ಆದರೂ ಮಕ್ಕಳು ಏಳಲಿಲ್ಲ.

ವರ್ಕ್‌ಲೋಡ್ ಪಟ್ಟಿಯಲ್ಲಿ ಆ ಗಂಟೆ ನನ್ನ ಹೆಸರಿಗೆ ಮಾತ್ರ ಬಂತು, ಆ ಸಹೋದ್ಯೋಗಿಯ ಹೆಸರಿಗೆ ಬರಲಿಲ್ಲ. ಮುಂದಿನ ಸಲ ಪಠ್ಯಕ್ರಮ ತಿದ್ದಲು ಕೂರುವವರು ಇದನ್ನೂ ತಿದ್ದಬೇಕೆಂದು ಕೇಳಿಕೊಳ್ಳುತ್ತೇನೆ. ನಮಸ್ಕಾರ.